ಆಳಂದ ಜಂಕ್ಷನ್

ನಮ್ಮೂರು ಆಳಂದ. ಅವ್ವನ ತವರು ಅಫಜಲಪುರ, ಹೆಂಡತಿಯದು ಜೇವರ್ಗಿ. ಮೂರೂ ಊರಿಗೆ ರೈಲಿಲ್ಲ. ಮುಂಬಯಿ ಕಡೆಯ ಹಳಿ 1871ರಷ್ಟು ಹಿಂದೆಯೇ ಕಲಬುರಗಿ, ವಾಡಿ ದಾಟಿ ರಾಯಚೂರು ಮುಟ್ಟಿತು. ನಮ್ಮನ್ನು ಮಾತ್ರ ಮಾತಾಡಿಸದೆ ಹೋಯಿತು. ರೈಲಿನ ಸುದ್ದಿ ಎತ್ತಿದರೆ ನಮ್ಮ ಕಟ್ಟೆಯ ಮೇಲಿನ ಹಿರಿಯರದು ಒಂದೇ ಉತ್ತರ: "ಸರ್ವೇ ಆಗ್ಯಾದ." ನನಗಿಂತ ಮೊದಲೇ ಹುಟ್ಟಿದ ಮಾತು ಅದು.

ಪುಣೆಗೆ ಒಂದು ಮದುವೆಗೆ ಹೋಗಿದ್ದೆ. ಅಕ್ಕಿಕಾಳು ಬಿದ್ದದ್ದೇ ತಡ, ಊಟದ ಪಂಕ್ತಿ ಬಿಟ್ಟು ಕೊಥ್ರೂಡಿಗೆ ಓಡಿದೆ. ಅಲ್ಲಿ 1998ರಲ್ಲಿ ಶುರುವಾದ ಜೋಶಿಯವರ ಪುಟಾಣಿ ರೈಲುಗಳ ವಸ್ತುಸಂಗ್ರಹಾಲಯವಿದೆ. ಗುಂಡಿ ಒತ್ತಿದರೆ ಇಡೀ ಒಂದು ನಗರ ದೀಪ ಹಚ್ಚಿಕೊಂಡು ಓಡಾಡುತ್ತದೆ. ಸರ್ಕಾರ ತರದಿದ್ದರೇನಂತೆ, ಆಳಂದಕ್ಕೆ ನಾನೇ ರೈಲು ತರುತ್ತೇನೆ ಎಂದು ಅಲ್ಲಿಯೇ ನಿಶ್ಚಯಿಸಿದೆ. ತಂದೆ. ರೈಲು ಆಳಂದಕ್ಕೆ ಬಂದದ್ದು ಬಸ್ಸಿನಲ್ಲಿ, ನನ್ನ ತೊಡೆಯ ಮೇಲೆ ಕೂತು.

ಎಚ್‌ಓ ಅಳತೆಯ ಸೆಟ್ಟು. ನಿಜದ್ದರ 87ನೇ ಒಂದು ಪಾಲು. ಒಂದು ಇಂಜಿನ್, ಎರಡು ಬೋಗಿ, ಮೊಟ್ಟೆಯಾಕಾರಕ್ಕೆ ಜೋಡಿಸುವ ಹಳಿ. ಪಡಸಾಲೆಯಲ್ಲಿ 8 ಅಡಿಗೆ 4 ಅಡಿಯ ಪ್ಲೈವುಡ್ ಹಾಕಿ ಓಡಿಸಿದೆ. ಅವ್ವ ಕನ್ನಡಕ ಏರಿಸಿಕೊಂಡು ಬಂದಳು.

"ಎಲ್ಲಿಗಿ ಹೊಂಟಾದಪಾ ಇದು?"

"ಆಳಂದಕ್ಕ."

"ಎಲ್ಲಿಂದ?"

"ಆಳಂದದಿಂದ."

"ಹಂಗಾದ್ರ ನಡಕೋತ ಹೋದ್ರ ಆಗಂಗಿಲ್ಲೇನು?"

ಆ ಒಂದು ಮಾತಿಗೆ ನನ್ನ ಸಂಸಾರ ಹಳಿ ತಪ್ಪಿತು. ರೈಲು ಎಲ್ಲಿಗಾದರೂ ಹೋಗಬೇಕಾದರೆ ಇನ್ನಷ್ಟು ಹಳಿ ಬೇಕು. ಹಳಿ ಬಂದರೆ ಸ್ಟೇಷನ್, ಸ್ಟೇಷನ್ ಬಂದರೆ ಸಿಗ್ನಲ್, ಸಿಗ್ನಲ್ ಬಿದ್ದರೆ ನಿಂತು ಕಾಯಲಿಕ್ಕೆ ಇನ್ನೊಂದು ರೈಲು! ಪ್ರತಿ ಪಾರ್ಸೆಲ್ಲಿಗೂ "ಇದೇ ಕೊನೇದು" ಅಂದೆ, ಪ್ರತಿಯೊಂದನ್ನೂ ತೊಗರಿ ಚೀಲದ ಹಿಂದೆ ಬಚ್ಚಿಟ್ಟೆ. ಬೋಗಿಯ ಲೆಕ್ಕವಂತೂ ಕೇಳಬೇಡಿ. ನಿಜದ ಬೋಗಿ ಸುಮಾರು 24 ಮೀಟರ್, ನನ್ನದು 27 ಸೆಂಟಿಮೀಟರ್ ಚಿಲ್ಲರೆ. ಕಲಬುರಗಿಯಲ್ಲಿ ನಿಲ್ಲುವಂಥ 22 ಬೋಗಿಯ ಗಾಡಿ ಕಟ್ಟಿದರೆ ಆರು ಮೀಟರ್. ಇಂಜಿನ್ ಪಡಸಾಲೆಯಲ್ಲಿದ್ದರೆ ಗಾರ್ಡ್ ಬಚ್ಚಲಿನಲ್ಲಿ ಹಸಿರು ನಿಶಾನೆ ತೋರಿಸಬೇಕು. ಹಾಗಾಗಿ ಮೂರಕ್ಕೆ ನಿಲ್ಲಿಸಿದೆ. ನಾಲ್ಕನೆಯದು ಚೀಲದ ಹಿಂದಿದೆ.

ದೂರದ ದೇಶದಿಂದ ಬಂದ ಗಿಡಗಳದು ಇನ್ನೊಂದು ಫಜೀತಿ. ಒಂದು ಡಬ್ಬಿಯಲ್ಲಿ ಹನ್ನೆರಡು ಚೂಪು ಗಿಡ, ತುದಿಗೆಲ್ಲ ಬಿಳಿ ಹಿಮ. ಅವ್ವ ಒಂದನ್ನು ಎತ್ತಿ ನೋಡಿ, "ಬೂದಿರೋಗ ಬಡದಾದಲ್ಲೋ, ಎಣ್ಣಿ ಹೊಡಿ" ಅಂದಳು. ಆಳಂದದ ಬಿಸಿಲಿಗೆ ಹಿಮ ಎಂಬುದನ್ನು ವಿವರಿಸುವುದಕ್ಕಿಂತ ಗಿಡ ಬದಲಿಸುವುದೇ ಹಗುರ. ತೊಗರಿ ಕಟ್ಟಿಗೆಯ ತುದಿಗಳನ್ನು ಮುರಿದು ನೆಟ್ಟೆ. ಹಳಿಯ ಕೆಳಗೆ ಶಹಾಬಾದ್ ಫರಸಿ ಕುಟ್ಟಿ ಹಾಕಿದೆ. ಸುತ್ತ ಹೊಲದ ಎರೆಮಣ್ಣು ಬಳಿದೆ. ಅದು ಒಣಗಿ, ಹಲಗೆಯ ಮೇಲೂ ತನ್ನ ಜಾತಿ ಬಿಡದೆ ಬಿರಿಯಿತು. 87 ಪಟ್ಟು ಲೆಕ್ಕ ಹಾಕಿದರೆ ಆ ಬಿರುಕಿನಲ್ಲಿ ಜೋಡೆತ್ತು ಬೀಳಬಹುದು. ಇನ್ನು ಜನ: ಒಬ್ಬೊಬ್ಬರೂ ಎರಡು ಸೆಂಟಿಮೀಟರಿನೊಳಗೆ, ಎಲ್ಲರೂ ಓವರ್‌ಕೋಟಿನವರು. ಹೆಂಡತಿಯ ಉಗುರುಬಣ್ಣ ಕದ್ದು ಇಬ್ಬರಿಗೆ ಇಳಕಲ್ ಸೀರೆ ಉಡಿಸಿದೆ, ನಾಲ್ವರಿಗೆ ಸುಣ್ಣದಲ್ಲಿ ರುಮಾಲು ಸುತ್ತಿದೆ. ಹಿಮದಲ್ಲಿ ಜಾರುವ ಉದ್ದನೆಯ ಪಟ್ಟಿ ಹೆಗಲ ಮೇಲೆ ಹೊತ್ತ ಒಬ್ಬನಿದ್ದ. ಅವನ ಪಟ್ಟಿಗೆ ಹಸಿರು ಹಚ್ಚಿದೆ. ಈಗ ಅವನು ಕಬ್ಬು ಹೊತ್ತ ಅಫಜಲಪುರದ ರೈತ.

ಬಲ್ಲವರು ಇಲ್ಲೊಂದು ತಪ್ಪು ಹಿಡಿಯುತ್ತಾರೆ. ಈ ಅಳತೆಯ ಹಳಿಗಳ ಅಂತರ 16.5 ಮಿಲಿಮೀಟರ್, 87ರಿಂದ ಗುಣಿಸಿದರೆ 1435, ಅದು ಯುರೋಪಿನ ಗೇಜು. ನಮ್ಮ ಬ್ರಾಡ್‌ಗೇಜು 1676. ಅಂದರೆ ನನ್ನ ಹಳಿ ಹತ್ತಿರ ಹತ್ತಿರ ಮೂರು ಮಿಲಿಮೀಟರ್ ಇಕ್ಕಟ್ಟು. ಹಳಿಯೇ ಇಲ್ಲದ ಊರಿನವನಿಗೆ ಇಂಥ ಮಡಿವಂತಿಕೆ ಒಪ್ಪುವುದಿಲ್ಲವೆಂದು ಸುಮ್ಮನಾದೆ.

ಅವ್ವನ ಬೇಡಿಕೆ ಸಣ್ಣದಿತ್ತು. ಗಾಣಗಾಪುರ ರೋಡ್ ಎಂಬ ಸ್ಟೇಷನ್ನಿನಲ್ಲಿ ಇಳಿದರೆ ಅವಳ ತವರಿನ ಕಡೆಯ ದೇವಲ ಗಾಣಗಾಪುರದ ದತ್ತನ ಗುಡಿಗೆ ಇನ್ನೂ ಸುಮಾರು 20 ಕಿ.ಮೀ. "ನಿನ್ನ ರೈಲು ಗುಡಿ ಮುಂದೇ ನಿಂದರಲಿ, ಮೊಣಕಾಲು ನೋಯ್ತಾವ" ಅಂದಳು. ರೊಕ್ಕ ಹಾಳು ಎಂದು ತಿಂಗಳುಗಟ್ಟಲೆ ಮುಖ ಗಂಟಿಕ್ಕಿದ್ದ ಹೆಂಡತಿ ಇದನ್ನು ಕೇಳಿಸಿಕೊಂಡು ಲಟ್ಟಣಿಗೆ ಸಮೇತ ಹೊರಗೆ ಬಂದಳು.

"ಅತ್ತಿಯವರ ಊರಿಗಿ ಲೈನ್ ಅದ, ನಮ್ಮ ಜೇವರ್ಗಿ ನಿಮ್ಮ ಕಣ್ಣಿಗಿ ಕಾಣಂಗಿಲ್ಲೇನ್ರಿ?"

"ಸರ್ವೇ ಆಗ್ಯಾದ" ಅಂದೆ. ಬಾಯಿಗೆ ಬಂದುಬಿಟ್ಟಿತು.

ತಪ್ಪಿನ ಪರಿಹಾರಕ್ಕೆ ಅಂದೇ ರಾತ್ರಿ ಪಾಯಿಂಟ್ ತರಿಸಲು ಕೂತೆ. ಹಳಿ ಕವಲೊಡೆಯುವ ತುಂಡು ಅದು. ಎಡಕ್ಕೆ ತಿರುಗುವುದು ಬೇರೆ, ಬಲಕ್ಕೆ ತಿರುಗುವುದು ಬೇರೆ. ಆಳಂದದಲ್ಲಿ ತೆಂಕಣಕ್ಕೆ ಮುಖಮಾಡಿ ನಿಂತರೆ ಜೇವರ್ಗಿ ಎಡಕ್ಕೆ, ಅಫಜಲಪುರ ಬಲಕ್ಕೆ. ನಿದ್ದೆಗಣ್ಣಲ್ಲಿ ಬಲದ್ದನ್ನು ಒತ್ತಿದೆ. ಹತ್ತು ದಿನ ಬಿಟ್ಟು ಪಾರ್ಸೆಲ್ ಬಂತು. ಇಡೀ ಮನೆ ಸುತ್ತ ನೆರೆದು ನೋಡುತ್ತಿರುವಾಗ ರೈಲು ಹೊರಟು, ಕವಲಿನಲ್ಲಿ ಕಟಕ್ಕೆಂದು ಹೊರಳಿ, ಸೀದಾ ಅವ್ವನ ತವರಿನ ಕಡೆ ಹೋಯಿತು. ಅವ್ವ ಕೈಮುಗಿದಳು.

ರಾತ್ರಿ ತಾಟಿಗೆ ಬಿಸಿ ರೊಟ್ಟಿ ಬಂತು. ಬಹಳ ಹೊತ್ತು ಕಾದೆ.

"ಪಲ್ಯ?"

"ಸರ್ವೇ ಆಗ್ಯಾದ" ಅಂತು ಅಡಿಗೆಮನೆ.