ಕಾರು ನಿಂತರೆ ಕೆಡುವ ಗಡಿಯಾರ

ಹಳೆಯ ಮೋಟಾರು ಕಾರಿನಲ್ಲಿ ಓಡಿ ಓಡಿ ಸವೆಯುವ ಭಾಗಗಳು ಬಹಳ ಇವೆ. ನಿಂತು ನಿಂತು ಕೆಡುವ ಭಾಗಗಳು ಕೆಲವೇ, ಮತ್ತು ಅವುಗಳಲ್ಲಿ ಡ್ಯಾಶ್‌ಬೋರ್ಡಿನ ಗಡಿಯಾರಕ್ಕೆ ಅಗ್ರಸ್ಥಾನ ಸಲ್ಲಬೇಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲೂಕುಗಳ ತೋಟದ ಮನೆಗಳ ಶೆಡ್ಡುಗಳಲ್ಲಿ ಟಾರ್ಪಾಲು ಹೊದ್ದು ಮಲಗಿರುವ ಮೋರಿಸ್, ಆಸ್ಟಿನ್, ಫಿಯಟ್, ಅಂಬಾಸಿಡರ್ ಕಾರುಗಳಲ್ಲಿ ಗಡಿಯಾರವಿರುವ ಭಾಗ್ಯವಂತ ಕಾರುಗಳನ್ನಷ್ಟೇ ಆರಿಸಿ ನೋಡಿದರೂ, ಸರಿಯಾದ ಹೊತ್ತು ತೋರಿಸುವುದು ಸಿಕ್ಕುವುದು ಕಷ್ಟ. ಅಂತಹ ಕಾರಿನ ಮಾಲೀಕರು ಅದು ಚಿನ್ನದ ಗಣಿಯ ದೊರೆಗಳ ಕಾಲದ ಕಾರೆಂದು ಹೇಳಿಕೊಳ್ಳುವುದು ವಾಡಿಕೆ. ಗಡಿಯಾರ ನಿಂತದ್ದು ಯಾರ ಕಾಲದಲ್ಲಿ ಎಂದು ಕೇಳಿದರೆ ಮಾತ್ರ ಮಾತು ಮಾವಿನ ಫಸಲಿನ ಕಡೆಗೆ ತಿರುಗುತ್ತದೆ.

ಈ ಯಂತ್ರ ಗೋಡೆ ಗಡಿಯಾರವೂ ಅಲ್ಲ, ಕೈಗಡಿಯಾರವೂ ಅಲ್ಲ. ಜರ್ಮನಿಯ ಕೀನ್‌ಸ್ಲೆ ಮುಂತಾದ ಕಂಪನಿಗಳು ಕಾರುಗಳಿಗೆಂದು ತಯಾರಿಸಿದ ಹಳೆಯ ವಿದ್ಯುತ್ ಗಡಿಯಾರಗಳಲ್ಲಿ ಹಲವು ತಾವೇ ತಮಗೆ ಕೀ ಕೊಟ್ಟುಕೊಳ್ಳುವ ಜಾತಿಯವು. ಒಳಗಿರುವ ಪುಟ್ಟ ಸ್ಪ್ರಿಂಗು ಒಂದೆರಡು ನಿಮಿಷ ಮಾತ್ರ ಚಕ್ರಗಳನ್ನು ಓಡಿಸಬಲ್ಲದು. ಅದು ಸಡಿಲವಾದೊಡನೆ ಎರಡು ಲೋಹದ ತುದಿಗಳು, ಅಂದರೆ ಮೆಕ್ಯಾನಿಕ್ಕುಗಳ ಬಾಯಲ್ಲಿ ‘ಪಾಯಿಂಟು’ಗಳು, ಒಂದನ್ನೊಂದು ಮುಟ್ಟುತ್ತವೆ, ಬ್ಯಾಟರಿಯ ಕರೆಂಟು ತಂತಿಸುರುಳಿಯಲ್ಲಿ ಹರಿದು ಅದು ಕ್ಷಣಮಾತ್ರ ಅಯಸ್ಕಾಂತವಾಗುತ್ತದೆ, ಆ ಅಯಸ್ಕಾಂತ ಒಂದು ತೋಳನ್ನು ಟಕ್ಕೆಂದು ಒದ್ದು ಸ್ಪ್ರಿಂಗನ್ನು ಮತ್ತೆ ಬಿಗಿಮಾಡುತ್ತದೆ, ಆ ಒದೆತದಲ್ಲೇ ಪಾಯಿಂಟುಗಳು ಬೇರ್ಪಟ್ಟು ಕರೆಂಟು ನಿಲ್ಲುತ್ತದೆ. ಎಂಜಿನ್ನು ಆರಿಸಿ ಬೀಗ ಹಾಕಿದ ಮೇಲೂ ಶೆಡ್ಡಿನ ಕತ್ತಲಲ್ಲಿ ಈ ಒದೆತ ಹಗಲೂ ರಾತ್ರಿ ನಡೆದೇ ಇರುತ್ತದೆ. 1958ರಲ್ಲಿ ಜಾಹೀರಾತು ಲೋಕದ ಡೇವಿಡ್ ಓಗಿಲ್ವಿ, ರೋಲ್ಸ್ ರಾಯ್ಸ್ ಕಾರು ಗಂಟೆಗೆ 60 ಮೈಲಿ ವೇಗದಲ್ಲಿ ಓಡುವಾಗಲೂ ಅದರೊಳಗಿನ ದೊಡ್ಡ ಸದ್ದೆಂದರೆ ಗಡಿಯಾರದ್ದೇ ಎಂಬ ಅರ್ಥದ ತಲೆಬರಹ ಬರೆದು ಹೆಸರಾದರು. ಕೋಲಾರ ಸೀಮೆಯ ಹಳೆಯ ಕಾರುಗಳಲ್ಲಿ ಈ ಪ್ರಯೋಗ ಮಾಡಿ ನೋಡುವ ಹಾಗಿಲ್ಲ. ಅಲ್ಲಿ ಸದ್ದು ಮಾಡದ ಭಾಗ ಗಡಿಯಾರವೊಂದೇ.

ಕೇಡು ಹುಟ್ಟುವುದು ಇಲ್ಲಿಂದ. ಕಾರು ವಾರಗಟ್ಟಲೆ ನಿಂತು ಬ್ಯಾಟರಿ ಇಳಿದಾಗ, ತುದಿಗಳು ಮುಟ್ಟುತ್ತವೆ, ಕರೆಂಟೂ ಹರಿಯುತ್ತದೆ, ಆದರೆ ತೋಳನ್ನು ಒದೆಯುವಷ್ಟು ಕಸುವು ಅಯಸ್ಕಾಂತಕ್ಕೆ ಬರುವುದಿಲ್ಲ. ತುದಿಗಳು ಬಿಡಿಸಿಕೊಳ್ಳಲಾಗದೆ ಅಂಟಿಕೊಂಡೇ ಇದ್ದು, ಸುರುಳಿ ಬಿಸಿಯಾಗಿ, ಉಳಿದ ಕರೆಂಟನ್ನೂ ಕುಡಿದು ಬ್ಯಾಟರಿಯನ್ನು ಪೂರ್ತಿ ಮಲಗಿಸುತ್ತದೆ. ಇದನ್ನು ಊಹಿಸಿದ ತಯಾರಕರು ಹಲವು ಗಡಿಯಾರಗಳಲ್ಲಿ ಕಡಿಮೆ ಶಾಖಕ್ಕೇ ಕರಗುವ ಬೆಸುಗೆಯ ಒಂದು ಬೊಟ್ಟು ಇಟ್ಟಿರುತ್ತಾರೆ. ಸುರುಳಿ ಸುಡುವ ಮೊದಲೇ ಅದು ಕರಗಿ ಸಂಪರ್ಕ ಕಡಿದುಕೊಳ್ಳುತ್ತದೆ. ಹೀಗೆ ಕೆಟ್ಟಿದೆ ಎಂದು ಶಾಪಕ್ಕೆ ಗುರಿಯಾದ ಗಡಿಯಾರ ಎಷ್ಟೋ ಸಲ ಕೆಟ್ಟಿರುವುದೇ ಇಲ್ಲ, ಪ್ರಾಣ ಉಳಿಸಿಕೊಳ್ಳಲು ಸುಮ್ಮನಾಗಿರುತ್ತದೆ.

ರಿಪೇರಿ ಯಾರ ಕೆಲಸ ಎಂಬುದು ಯಂತ್ರಶಾಸ್ತ್ರದ ಪ್ರಶ್ನೆಯಲ್ಲ, ವೃತ್ತಿಶಾಸ್ತ್ರದ್ದು. ಕೋಲಾರದ ಆಟೋ ಎಲೆಕ್ಟ್ರಿಷಿಯನ್ನು ಅದನ್ನು ಕೈಯಲ್ಲಿ ಹಿಡಿದು, ಎರಡು ಸಲ ಅಲುಗಾಡಿಸಿ, ‘ಅಣ್ಣಾ, ಇದು ವಾಚಿನೋರ ಕೆಲ್ಸ’ ಎನ್ನುತ್ತಾನೆ. 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್ಎಂಟಿ ವಾಚು ಕಾರ್ಖಾನೆಯ ಕೈಗಡಿಯಾರಗಳನ್ನು ಬಿಚ್ಚಿ ಜೋಡಿಸುತ್ತಲೇ ಕೂದಲು ನರೆತ ವಾಚು ರಿಪೇರಿಯವರು, ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿ, ವೈರು ಕಂಡೊಡನೆ ಅದನ್ನು ಹಾವು ಕಂಡಂತೆ ಕೆಳಗಿಟ್ಟು, ‘ಇದು ಕರೆಂಟಿನ ಮಾಲು ಸಾರ್, ಮೆಕ್ಯಾನಿಕ್ ಹತ್ರ ತೋರ್ಸಿ’ ಎನ್ನುತ್ತಾರೆ. ಶಿವನಸಮುದ್ರದಿಂದ ತಂತಿ ಎಳೆದು 1902ರಲ್ಲೇ ಚಿನ್ನದ ಗಣಿಗೆ ವಿದ್ಯುತ್ತು ತಂದ ಜಿಲ್ಲೆಯಲ್ಲಿ 12 ವೋಲ್ಟಿನ ಗಡಿಯಾರವೊಂದು ಎರಡು ಅಂಗಡಿಗಳ ನಡುವೆ ಅನಾಥವಾಗುವುದು ಅಧ್ಯಯನಯೋಗ್ಯ ವಿಷಯ.

ಗಡಿಯಾರವಿಲ್ಲದೆಯೂ ಈ ಸೀಮೆಯ ಬದುಕು ನಡೆಯುತ್ತದೆ ಎಂಬುದು ಮಾಲೀಕರ ಉದಾಸೀನಕ್ಕೆ ಕಾರಣವಿರಬಹುದು. ಬೆಳಿಗ್ಗೆ ಸಂಜೆಗಳನ್ನು ಹಾಲಿನ ಡೇರಿ ಹೇಳುತ್ತದೆ, ವರ್ಷವನ್ನು ಶ್ರೀನಿವಾಸಪುರದ ಮಾವಿನ ಮಂಡಿ ಹೇಳುತ್ತದೆ. ಆದರೆ ಶುಭಕಾರ್ಯಗಳಲ್ಲಿ ತೊಡಕು ಏಳುತ್ತದೆ. ಶೆಡ್ಡಿನಿಂದ ಹೊರಬಂದ ಕಾರು ಮೊದಲು ಮುಳಬಾಗಿಲಿನ ಹತ್ತಿರದ ಕುರುಡುಮಲೆ ಗಣಪತಿಗೆ ಕೈಮುಗಿದು ಬರಬೇಕೆಂದು ಮನೆಯ ಹಿರಿಯರು ಹೇಳಿದ್ದಾರೆಂದು ಇಟ್ಟುಕೊಳ್ಳೋಣ. ಸೋಮವಾರದ ರಾಹುಕಾಲ ಬೆಳಿಗ್ಗೆ 7.30ರಿಂದ 9ರವರೆಗೆ, ಡ್ಯಾಶ್‌ಬೋರ್ಡಿನ ಮುಳ್ಳುಗಳು 8.10ರಲ್ಲಿ ನಿಂತಿದ್ದರೆ, ಗಡಿಯಾರವನ್ನು ನಂಬುವವರು ಯಾವ ಸೋಮವಾರವೂ ಹೊರಡುವ ಹಾಗಿಲ್ಲ.

ಕೊನೆಗೆ ಯಾರೋ ಒಬ್ಬ ಧೈರ್ಯವಂತ ಅದನ್ನು ಬಿಚ್ಚುತ್ತಾನೆ. ಗಾಜನ್ನು ಹಿಡಿದಿರುವ ಲೋಹದ ಬಳೆಯ ಅಂಚನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಎತ್ತಿ ತೆಗೆದಾಗ, ಮಾಲೂರಿನ ಕಡೆಯ ಕಾರಾಗಿದ್ದರೆ ಹೆಂಚು, ಇಟ್ಟಿಗೆ ಕಾರ್ಖಾನೆಗಳ ಕೆಂಪು ಧೂಳು ಒಳಗೂ ಕುಳಿತಿರುತ್ತದೆ, ಹಳೆಯ ಎಣ್ಣೆ ಒಣಗಿ ಕಂದು ಅಂಟಾಗಿರುತ್ತದೆ, ಎರಡು ಪಾಯಿಂಟುಗಳ ಮೇಲೆ ಸಾಸಿವೆಗಿಂತ ಚಿಕ್ಕದಾದ ಕಪ್ಪು ಚುಕ್ಕೆಗಳಿರುತ್ತವೆ. ಕಾರಿನ ಡಿಸ್ಟ್ರಿಬ್ಯೂಟರಿನ ಪಾಯಿಂಟನ್ನು ಉಜ್ಜಿ ಉಜ್ಜಿ ಪಳಗಿದ ಕೈ ಇಲ್ಲಿಯೂ ಉಪ್ಪುಕಾಗದಕ್ಕೆ ಚಾಚುತ್ತದೆ. ಅದನ್ನು ತಡೆಯಬೇಕು, ಏಕೆಂದರೆ ಉದುರಿದ ಪುಡಿ ಚಕ್ರದ ಹಲ್ಲುಗಳಿಗೆ ಸೇರಿದರೆ ಗಡಿಯಾರ ಎರಡನೆಯ ಸಲ ಸಾಯುತ್ತದೆ. ಸ್ಪಿರಿಟ್ಟಿನಲ್ಲಿ ಅದ್ದಿದ ದಪ್ಪ ಕಾಗದದ ಪಟ್ಟಿಯನ್ನು, ಮದುವೆಯ ಕರೆಯೋಲೆಯ ಅಂಚಾದರೂ ಸರಿ, ಪಾಯಿಂಟುಗಳ ನಡುವೆ ಎಳೆದರೆ ಸಾಧಾರಣ ಕಪ್ಪು ಹೋಗುತ್ತದೆ. ಎಣ್ಣೆ ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟೇ ಬೇಕು. ಕರಗಿದ ಬೊಟ್ಟಿನ ಜಾಗಕ್ಕೆ ರೇಡಿಯೋ ಅಂಗಡಿಯ ಮಾಮೂಲಿ ಬೆಸುಗೆ ಹಾಕಿದರೆ ಗಡಿಯಾರ ಓಡುತ್ತದೆ ನಿಜ, ಆದರೆ ಮುಂದಿನ ಸಲ ಬ್ಯಾಟರಿ ಇಳಿದಾಗ ಆ ಗಟ್ಟಿ ಬೆಸುಗೆ ಕರಗುವ ಹೊತ್ತಿಗೆ ಸುರುಳಿಯೇ ಸುಟ್ಟಿರುತ್ತದೆ.

ಇಷ್ಟೆಲ್ಲ ಕಷ್ಟವೇಕೆ, ಹಳೆಯ ಮುಖದ ಹಿಂದೆ ಕ್ವಾರ್ಟ್ಸ್ ಯಂತ್ರ ಕೂರಿಸಿದರೆ ಮುಗಿಯಿತಲ್ಲ ಎನ್ನುವ ಪಂಥವೂ ಇದೆ, ಮತ್ತು ಅದು ದಿನದಿನಕ್ಕೆ ಬೆಳೆಯುತ್ತಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ, 50 ವರ್ಷ ಮೀರಿ ಮೂಲರೂಪದಲ್ಲಿ ಉಳಿದಿರುವ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನೋಂದಣಿ ಸಿಗುತ್ತದೆ. ಗಡಿಯಾರದ ಹೊಟ್ಟೆಯೊಳಗಿನ ಕ್ವಾರ್ಟ್ಸು ಮೂಲರೂಪಕ್ಕೆ ಭಂಗ ತರುತ್ತದೆಯೇ ಎಂಬುದನ್ನು ಮಾಲೀಕರು ಟೀ ಅಂಗಡಿಯಲ್ಲಿ ಗಂಟೆಗಟ್ಟಲೆ ಚರ್ಚಿಸಬಲ್ಲರು; ಅದೇ ಡ್ಯಾಶ್‌ಬೋರ್ಡಿನ ಮೇಲೆ ಡಬಲ್ ಟೇಪಿನಿಂದ ಅಂಟಿಸಿದ ಗಣಪತಿಯ ಹಿಂದೆ ಮಿನುಗುವ ಚೀನೀ ಡಿಜಿಟಲ್ ಗಡಿಯಾರದ ಬಗ್ಗೆ ಮಾತ್ರ ಯಾರೂ ಚಕಾರವೆತ್ತುವುದಿಲ್ಲ.

ಗಡಿಯಾರವನ್ನು ಮೂಲರೂಪದಲ್ಲೇ ಸರಿಮಾಡಿಸಿದ ನಿಷ್ಠಾವಂತರಿಗೆ ಬಲ್ಲವರು ಕೊಡುವ ಬುದ್ಧಿಮಾತು ಒಂದೇ: ಕಾರು ನಿಲ್ಲಿಸಿದಾಗಲೆಲ್ಲ ಬ್ಯಾಟರಿಯ ಟರ್ಮಿನಲ್ ಕಳಚಿಡಬೇಕು, ಇಲ್ಲದಿದ್ದರೆ ಹಳೆಯ ಕಥೆ ಮರುಕಳಿಸುತ್ತದೆ. ಅವರು ಅದನ್ನು ತಪ್ಪದೆ ಪಾಲಿಸುತ್ತಾರೆ. ಟರ್ಮಿನಲ್ ಕಳಚಿದ ಒಂದೆರಡು ನಿಮಿಷಕ್ಕೆ, ಸ್ಪ್ರಿಂಗಿನ ಕಸುವು ತೀರಿದೊಡನೆ, ಗಡಿಯಾರ ನಿಲ್ಲುತ್ತದೆ. ತಿಂಗಳಿಗೊಮ್ಮೆ ಮದುವೆಗೋ ಕುರುಡುಮಲೆಗೋ ಹೊರಡುವಾಗ ಮಾಲೀಕರು ಟರ್ಮಿನಲ್ ಬಿಗಿದು, ಡ್ಯಾಶ್‌ಬೋರ್ಡಿನ ಅಡಿಗೆ ಬಗ್ಗಿ ತಿರುಪನ್ನು ಹುಡುಕಿ, ಜೇಬಿನ ಮೊಬೈಲು ನೋಡಿಕೊಂಡು ಮುಳ್ಳುಗಳನ್ನು ಸರಿಯಾದ ಹೊತ್ತಿಗೆ ತರುತ್ತಾರೆ. ಅಷ್ಟರಲ್ಲಿ ಮುಹೂರ್ತಕ್ಕೆ ತಡವಾಯಿತೆಂದು ಹಿಂದಿನ ಸೀಟಿನಿಂದ ಕೂಗು ಕೇಳುತ್ತದೆ.