ಕಿಟಕಿಗೊಂದು ಪರದೆ

ನಮ್ಮ ಬಾಡಿಗೆ ಮನೆಯ ನಡುಮನೆ ಕಿಟಕಿಗೆ ಪರದೆ ಇರಲಿಲ್ಲ. ಎದುರುಮನೆಯ ಅಜ್ಜಿಗೆ ನಮ್ಮ ಸಂಸಾರ ಉಚಿತ ಧಾರಾವಾಹಿಯಾಗಿತ್ತು. ಎರಡು ಪರದೆ ಹೊಲಿಯಲು ದರ್ಜಿ ಹೇಳಿದ ಕೂಲಿ ಕೇಳಿ, "ಅದರ ಬದಲು ಮಿಷನ್ನೇ ತಂದರೆ ಜೀವಮಾನವಿಡೀ ಹೊಲಿಯಬಹುದು" ಎಂದುಬಿಟ್ಟೆ. ನನಗೆ ಉಳಿತಾಯದ ಬುದ್ಧಿ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ದೊಡ್ಡ ಖರ್ಚೊಂದು ಹುಟ್ಟುತ್ತದೆ.

ಭಾನುವಾರ ಚಿಕ್ಕಪೇಟೆಯ ಸಂಡೇ ಬಜಾರಿಗೆ ಹೋದೆ. ಕಾಲಲ್ಲಿ ತುಳಿಯುವ ಹಳೇ ಸಿಂಗರ್ ಮುಂದೆ ನಿಂತಾಗ ಗುಜರಿಯವನು ಕೇಳಿದ್ದು ಒಂದೇ ಪ್ರಶ್ನೆ: "ಡೈನಿಂಗ್ ಟೇಬಲ್ಲಿಗಾ ಸಾರ್, ವಾಷ್ ಬೇಸಿನ್ನಿಗಾ?" ಈಗಿನವರು ಬೀಡುಕಬ್ಬಿಣದ ಸ್ಟ್ಯಾಂಡ್ ಮಾತ್ರ ಒಯ್ದು ಮೇಲೆ ಗ್ರಾನೈಟ್ ಹಾಸುತ್ತಾರಂತೆ. "ಹೊಲಿಯೋಕೆ" ಎಂದೆ. ಅವನ ಕಣ್ಣಲ್ಲಿ ಕನಿಕರ ಕಂಡಿತು, ಬೆಲೆಯಲ್ಲಿ ಕಾಣಲಿಲ್ಲ.

ಪರಿಚಯದ ದರ್ಜಿಯೊಬ್ಬರು ಆರಿಸುವ ವಿದ್ಯೆ ಹೇಳಿಕೊಟ್ಟಿದ್ದರು. ಚಿನ್ನದ ಚಿತ್ತಾರಕ್ಕೆ ಮರುಳಾಗಬಾರದು. ಗಾಲಿಯನ್ನು ನಮ್ಮ ಕಡೆಗೆ ತಿರುಗಿಸಿ ನೋಡಬೇಕು. ಬಿಗಿಯಾಗಿದ್ದರೆ ಚಿಂತೆಯಿಲ್ಲ, ಹಳೇ ಎಣ್ಣೆ ಅಂಟಾಗಿರುತ್ತದೆ, ಸೀಮೆಎಣ್ಣೆಗೆ ಬಗ್ಗುತ್ತದೆ. ಎರಕ ಬಿರುಕು ಬಿಟ್ಟಿದ್ದರೆ ಮಾತ್ರ ಕೈಮುಗಿದು ಬಂದುಬಿಡಬೇಕು. ದೋಣಿಯಂಥ ಉದ್ದ ಶಟಲ್ಲಿನದು ನೋಡಲು ಚೆಂದ, ಆದರೆ ಅದರ ಬಾಬಿನ್ನಿಗಾಗಿ ಊರೂರು ಅಲೆಯಬೇಕು. ದುಂಡು ಬಾಬಿನ್ನಿನದೇ ಕ್ಷೇಮ. ಎಲ್ಲದಕ್ಕೂ ತಲೆಯಾಡಿಸಿದ್ದ ನಾನು, ಕೊನೆಗೆ ಚಿನ್ನದ ಚಿತ್ತಾರಕ್ಕೇ ಮರುಳಾದೆ. ದುಂಡು ಬಾಬಿನ್ ಇದ್ದದ್ದು ನನ್ನ ಪುಣ್ಯ.

ಮನೆಗೆ ತಂದು ಒರೆಸಿದಾಗ ಬುಡದಲ್ಲಿ 'ವೈ' ಅಕ್ಷರದಿಂದ ಶುರುವಾಗುವ ನಂಬರು ಸಿಕ್ಕಿತು. ಅಂದರೆ ಇವಳ ತವರು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್. ಅಲ್ಲಿನ ಕಾರ್ಖಾನೆ 1980ರಲ್ಲಿ ಮುಚ್ಚಿತು. ಪಕ್ಕದ ರೈಲು ನಿಲ್ದಾಣಕ್ಕೆ ಮಾತ್ರ ಇಂದಿಗೂ 'ಸಿಂಗರ್' ಎಂದೇ ಹೆಸರು. ಯಂತ್ರಗಳ ಮೇಲೆ ಮುನಿಸಿದ್ದ ಗಾಂಧೀಜಿ ಕೂಡ 1924ರಲ್ಲಿ ಹೊಲಿಗೆ ಯಂತ್ರಕ್ಕೊಂದು ರಿಯಾಯಿತಿ ಕೊಟ್ಟಿದ್ದರು: ಹೆಂಡತಿ ಕೈಹೊಲಿಗೆಯಲ್ಲಿ ಬಳಲುವುದನ್ನು ನೋಡಲಾರದೆ ಸಿಂಗರ್ ಇದನ್ನು ಮಾಡಿದನೆಂದು ಅವರ ನಂಬಿಕೆ. 1851ರಲ್ಲಿ ಪೇಟೆಂಟ್ ಪಡೆದ ಆ ಪುಣ್ಯಾತ್ಮನಿಗೆ ಹಲವು ಸಂಸಾರಗಳಿಂದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಅಷ್ಟು ಮಂದಿಯ ಬಟ್ಟೆ ಹೊಲಿಸಬೇಕಾದರೆ ಯಾರಾದರೂ ಯಂತ್ರದ ಮೊರೆ ಹೋದಾರು ಎಂದಳು ನನ್ನವಳು.

ಆರೈಕೆ ಶುರುವಾಯಿತು. ಕೂದಲಿಗೆ ಆಗುವುದು ಕಬ್ಬಿಣಕ್ಕೆ ಆಗದೆ ಎಂದು ತೂತುತೂತಿಗೂ ಕೊಬ್ಬರಿ ಎಣ್ಣೆ ಬಿಟ್ಟೆ. ಡಿಸೆಂಬರ್ ಚಳಿಗೆ ಅದು ಬಾಟಲಿಯಲ್ಲಿ ಮಾಡುವುದನ್ನೇ ಮಿಷನ್ನಿನೊಳಗೂ ಮಾಡಿತು. ಗಾಲಿ ಅಲುಗಲಿಲ್ಲ. ಆಗ ಎದುರಿನ ಬಾಲ್ಕನಿಯಿಂದ ಮೊದಲ ಸಂಭಾಷಣೆ ಬಂತು: "ಅಯ್ಯೋ, ಅದಕ್ಕೆ ಮಿಷನ್ ಎಣ್ಣೇನೇ ಆಗ್ಬೇಕು!"

ಆಮೇಲೆ ಅಜ್ಜಿ ಸಂಚಿಕೆ ತಪ್ಪಿಸಲಿಲ್ಲ. ಸೀಮೆಎಣ್ಣೆ ಬಿಟ್ಟು, ಒರೆಸಿ, ಹೊಸ ಎಣ್ಣೆ ಹನಿಸಿ ತುಳಿದರೆ ಗಾಲಿ ಹಿಮ್ಮುಖ ಓಡಿ ದಾರ ಪಟ್ ಎನ್ನುತ್ತಿತ್ತು. "ಮೊದಲು ಕೈಯಲ್ಲಿ ಗಾಲಿ ನಿಮ್ಮ ಕಡೆ ಎಳೀರಿ, ಆಮೇಲೆ ಕಾಲು!" ಹೊಲಿಗೆ ಒಂದು ಬಿಟ್ಟು ಒಂದು ಬಿದ್ದಿತು. "ಸೂಜಿ ತಿರುಗಾಮುರುಗಾ ಹಾಕಿದ್ದೀರಿ, ಉದ್ದ ಗೀರು ದಾರ ಬರೋ ಕಡೆ ಇರಲಿ!" ಅಡಿಯಲ್ಲಿ ದಾರ ಜಡೆಗಟ್ಟಿತು. ನಾನು ಬಾಬಿನ್ನನ್ನು ಶಪಿಸಿದೆ. "ಮೇಲಿನ ದಾರ ಸರಿಯಾಗಿ ಪೋಣಿಸಿಲ್ಲ!" ನೂರು ವರ್ಷ ಸವೆದ ಆ ಮಿಷನ್ನಿನಲ್ಲಿ ಒಂದೂ ದೋಷವಿರಲಿಲ್ಲ. ಕೆಟ್ಟ ಭಾಗವೊಂದೇ, ಅದು ಸ್ಟೂಲಿನ ಮೇಲೆ ಕೂತಿರುತ್ತಿತ್ತು. ಹದಿನೆಂಟನೇ ವಯಸ್ಸಿನಿಂದ ಇಡೀ ಕೇರಿಗೆ ರವಿಕೆ ಹೊಲಿದು ಮೂವರು ಮಕ್ಕಳನ್ನು ಓದಿಸಿದ ಅಜ್ಜಿಗೆ ಅದು ಬಾಲ್ಕನಿಯಿಂದಲೇ ಕಾಣುತ್ತಿತ್ತು.

ಈಗ ವಾರಕ್ಕೊಮ್ಮೆ ಹಲ್ಲಿನ ಪಟ್ಟಿಯ ಕೆಳಗಿನ ಜೂಲನ್ನು ಬ್ರಷ್ಷಿನಿಂದ ತೆಗೆಯುತ್ತೇನೆ, ಎಣ್ಣೆ ಹನಿಸಿ ಹಳೇ ಬಟ್ಟೆಯ ಮೇಲೆ ನಾಲ್ಕು ಗೆರೆ ಓಡಿಸುತ್ತೇನೆ. ಟಕಟಕ ಸದ್ದು ಸಮವಾಗಿ ಬಂದರೆ ಎದುರುಗಡೆ ಒಂದು ತಲೆ ಅಲ್ಲಾಡುತ್ತದೆ.

ಪರದೆ ಹೊಲಿದು ಮುಗಿದು ಮೂರು ತಿಂಗಳಾಯಿತು. ಮಡಚಿ ಬೀರುವಿನಲ್ಲಿಟ್ಟಿದ್ದೇನೆ. "ಯಾವಾಗ ಹಾಕ್ತೀರಿ?" ಎಂದು ಹೆಂಡತಿ ದಿನವೂ ಕೇಳುತ್ತಾಳೆ. ಚರ್ಮದ ಬೆಲ್ಟು ಸಡಿಲವಾಗಿದೆ, ತುದಿ ಕತ್ತರಿಸಿ ಮತ್ತೆ ಕೊಂಡಿ ಹಾಕಬೇಕು. ಕಾಲಿಂಚೋ ಅರ್ಧ ಇಂಚೋ ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಅಜ್ಜಿ ಊರಿಂದ ಬರಲಿ.