ಅಂಗಡಿಯ ಅಂಚೆ: ಒಂದು ಪ್ರಮಾಣಬದ್ಧ ಜಿಜ್ಞಾಸೆ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅಂಗಡಿಯೊಳಗೆ ಅಂಚೆಕಚೇರಿ ಇದ್ದಿತೋ, ಅಂಚೆಕಚೇರಿಯೊಳಗೆ ಅಂಗಡಿ ಇದ್ದಿತೋ ಎಂಬ ಪ್ರಶ್ನೆಯು ಬೀಜವೃಕ್ಷನ್ಯಾಯದಷ್ಟೇ ಗಹನವಾದುದಾದರೂ, ವಿದ್ವಾಂಸರು ಶಾಸನಗಳನ್ನೇ ಅರಸುತ್ತ ಗೋಣಿಚೀಲಗಳನ್ನು ಉಪೇಕ್ಷಿಸಿದ ಕಾರಣ ಇಂದಿಗೂ ಇತ್ಯರ್ಥವಾಗದೆ ಉಳಿದಿರುವುದು. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತೆಂದು ಬರೆದು ಚರಿತ್ರಕಾರರು ಕೈತೊಳೆದುಕೊಂಡಿರುವರು. ಅದು ಕಟ್ಟಕಡೆಗೆ ಲೀನವಾದುದು ಶೆಟ್ಟರ ಗಲ್ಲಾಪೆಟ್ಟಿಗೆಯಲ್ಲಿ ಎಂಬುದು ನಮ್ಮ ಸಿದ್ಧಾಂತ.

ಪ್ರಥಮ ಪ್ರಮಾಣವು ಘ್ರಾಣಜನ್ಯವಾದುದು. ಆ ಕಾಲದ ಕಾಗದವನ್ನು ಮೂಸಿದ ಮಾತ್ರದಿಂದಲೇ ಅದು ಹಿಂಗಿನ ಡಬ್ಬಿಯ ಪಕ್ಕದಲ್ಲಿದ್ದಿತೋ ಸೀಮೆಎಣ್ಣೆಯ ಪೀಪಾಯಿಯ ಮೇಲಿದ್ದಿತೋ ಎಂಬುದನ್ನು ಸಂಶೋಧಕನು ನಿರ್ಣಯಿಸಬಹುದು. ಒಂದು ರೂಪಾಯಿ ನಾಣ್ಯದ ತೂಕವೇ ತೊಲವಾಗಿದ್ದುದರಿಂದ ಜೀರಿಗೆಯನ್ನು ತೂಗಿದ ತಕ್ಕಡಿಯೇ ಲಕೋಟೆಗೂ ಒದಗುತ್ತಿದ್ದಿತು. ಆದರೆ ಜೀರಿಗೆಯನ್ನು ತೂಗುವಾಗ ತಟ್ಟೆಗೆ ತಗಲುತ್ತಿದ್ದ ಕಿರುಬೆರಳು ಲಕೋಟೆಯನ್ನು ತೂಗುವಾಗ ಎಂದೂ ತಗಲಲಿಲ್ಲ, ಏಕೆಂದರೆ ಆ ಲಾಭವು ಸರ್ಕಾರಕ್ಕೆ ಸಲ್ಲತಕ್ಕುದಾಗಿದ್ದಿತು.

1879ರಲ್ಲಿ ಕಾಲಾಣೆಯ ಕಾರ್ಡು ಬಂದ ಮೇಲೆ ಪಾಠಾಂತರಗಳ ಸಮಸ್ಯೆ ಹುಟ್ಟಿತು. ಕಾರ್ಡನ್ನು ಮೊದಲು ಶೆಟ್ಟರೂ, ತರುವಾಯ ಜಗುಲಿಯ ಮಹಾಜನರೂ ಪಾರಾಯಣ ಮಾಡಿ, ಪ್ರತಿಯೊಬ್ಬರೂ ತಂತಮ್ಮ ಕೇರಿಗೆ ವ್ಯಾಖ್ಯಾನಸಹಿತವಾಗಿ ಮುಟ್ಟಿಸುತ್ತಿದ್ದುದರಿಂದ, ಕಡೆಯಲ್ಲಿ ಮೂಲಪ್ರತಿಯನ್ನು ಕಂಡ ವಿಳಾಸದಾರನಿಗೆ ಅದೇ ಪ್ರಕ್ಷಿಪ್ತವೆಂದು ತೋರುತ್ತಿದ್ದಿತು. ಮೂಲದಲ್ಲಿ ಬರಿಯ ನೆಗಡಿಯಾಗಿದ್ದುದು ಕೆಳಗಿನ ಕೇರಿಯ ಪಾಠದಲ್ಲಿ ವಿಷಮಶೀತಜ್ವರವಾಗಿರುವುದುಂಟು.

ಇನ್ನು 1880ರ ಮನಿಯಾರ್ಡರು. ಇಲ್ಲಿ ವಿಷಯವು ವೇದಾಂತವನ್ನು ಪ್ರವೇಶಿಸುವುದು. ಬೆಂಗಳೂರಿನ ಮಗನು ಕಳುಹಿಸಿದ ಹತ್ತು ರೂಪಾಯಿಗೆ ತಾಯಿಯು ಹೆಬ್ಬೆಟ್ಟು ಒತ್ತುವಳು. ಬೀಡಿಗೆಂದು ಬಂದವನೊಬ್ಬನು ಸಾಕ್ಷಿಯಾಗುವನು. ಪೋಸ್ಟ್‌ಮಾಸ್ಟರಾಗಿ ಹಣವನ್ನು ಎಣಿಸಿಟ್ಟ ಶೆಟ್ಟರು, ಅದೇ ಗಳಿಗೆಯಲ್ಲಿ ವರ್ತಕರಾಗಿ, ರಾಗಿ ಬೆಲ್ಲಗಳ ಹಳೆಯ ಬಾಕಿಗೆ ಅದನ್ನು ಜಮಾ ಮಾಡಿಕೊಂಡು, “ಇನ್ನೂ ಆರಾಣೆ ನಿಂತಿದೆ ಕಣಮ್ಮ” ಎನ್ನುವರು. ಇಂತು ರೂಪಾಯಿಯು ವ್ಯಾವಹಾರಿಕವಾಗಿ ಊರಿಗೆ ಬಂದುದಾದರೂ ಪಾರಮಾರ್ಥಿಕವಾಗಿ ಪೆಟ್ಟಿಗೆಯಿಂದ ಕದಲಲೇ ಇಲ್ಲ.

ಕೆಲವೆಡೆ ಪೋಸ್ಟ್‌ಮಾಸ್ಟರಿಕೆಯು ಅಂಗಡಿಯವರಿಗಲ್ಲದೆ ಶಾಲೆಯ ಉಪಾಧ್ಯಾಯರಿಗೆ ಸೇರಿದ್ದಿತೆಂದು ಪೂರ್ವಪಕ್ಷಿಗಳು ಆಕ್ಷೇಪಿಸಬಹುದು. ಉಪಾಧ್ಯಾಯರ ಹೆಸರೂ ಶೆಟ್ಟರ ಸಾಲದ ಪುಸ್ತಕದಲ್ಲಿಯೇ ಇದ್ದುದರಿಂದ ಈ ಆಕ್ಷೇಪವು ನಿಲ್ಲದು.